ಅಂಗಡಿಯಿಂದ ಐದು ಶಿಲಿಂಗ್ ಬೆಲೆಯ ಮಾಲು ಕದ್ದರೂ ನೇಣು ಹಾಕುತ್ತಿದ್ದ ಇಂಗ್ಲೆಂಡ್, ಜೈಲುಶಿಕ್ಷೆಯತ್ತ ಹೊರಳಿದ್ದು ಏಕೆ?

ಜನರಲ್ಲಿ ಕರುಣೆ ಹೆಚ್ಚಿತು ಎನ್ನುವುದು ಅರ್ಧ ಉತ್ತರ. ಆ ಕಾನೂನಿನಿಂದ ಕೆಲಸವೇ ಆಗುತ್ತಿರಲಿಲ್ಲ ಎನ್ನುವುದು ಉಳಿದರ್ಧ, ನನಗೆ ಹೆಚ್ಚು ನಂಬಿಕೆ ಇರುವುದೂ ಅದರ ಮೇಲೆಯೇ.

ಹದಿನೆಂಟನೆಯ ಶತಮಾನದ ಕೊನೆಗೆ ಅಲ್ಲಿ ಸುಮಾರು 200 ಅಪರಾಧಗಳಿಗೆ ಮರಣದಂಡನೆ ಇತ್ತು. ಲಂಡನ್ನಿಗೆ ವ್ಯವಸ್ಥಿತ ಪೊಲೀಸ್ ಪಡೆ ಬಂದದ್ದು 1829ರಲ್ಲಿ. ಅಲ್ಲಿಯವರೆಗೆ, ಸಿಕ್ಕ ಕೆಲವರನ್ನು ಜನರೆದುರು ನೇತುಹಾಕಿ ಸಿಗದವರನ್ನು ಹೆದರಿಸುವುದೇ ಸರ್ಕಾರದ ಲೆಕ್ಕಾಚಾರ. ಆದರೆ ಲಂಡನ್ನಿನ ಗಲ್ಲಿನ ಜಾಗವಾಗಿದ್ದ ಟೈಬರ್ನ್‌ನಲ್ಲಿ ನೇಣು ನೋಡಲು ಜಾತ್ರೆಯಂತೆ ಜನ ಸೇರುತ್ತಿದ್ದರು, ಆ ಗುಂಪಿನಲ್ಲೇ ಜೇಬುಗಳ್ಳರೂ ಇರುತ್ತಿದ್ದರು!

ಮನೆಯೊಳಗಿನ ಕಳವು 40 ಶಿಲಿಂಗ್ ಮುಟ್ಟಿದರೆ ಗಲ್ಲು. ಹಾಗಾಗಿ ಜ್ಯೂರಿಯವರು ಎಷ್ಟೋ ಸಲ ಕದ್ದ ಮಾಲಿನ ಬೆಲೆಯನ್ನು ಬೇಕೆಂದೇ 39 ಶಿಲಿಂಗ್ ಎಂದು ತೀರ್ಮಾನಿಸಿ ಆರೋಪಿಯ ಜೀವ ಉಳಿಸುತ್ತಿದ್ದರು. ಖೋಟಾ ದಾಖಲೆಯ ಪ್ರಕರಣಗಳಲ್ಲೂ ಇದೇ ಹಿಂಜರಿಕೆ. ಕೊನೆಗೆ 1830ರಲ್ಲಿ ಬ್ಯಾಂಕ್ ಮಾಲೀಕರೇ ಆ ಅಪರಾಧಕ್ಕೆ ಗಲ್ಲು ಬೇಡವೆಂದು ಸಂಸತ್ತಿಗೆ ಅರ್ಜಿ ಹಾಕಿದರು. ಮೋಸಗಾರರು ಶಿಕ್ಷೆಯಿಲ್ಲದೆ ಪಾರಾಗುತ್ತಿದ್ದಾರೆ ಎಂಬುದೇ ಅವರ ಅಳಲು. ಶಿಕ್ಷೆ ಕ್ರೂರವಾಗಿರುವುದಕ್ಕಿಂತ ಖಚಿತವಾಗಿರಬೇಕು ಎಂದು ಇಟಲಿಯ ಚಿಂತಕ ಬೆಕಾರಿಯಾ 1764ರಲ್ಲೇ ವಾದಿಸಿದ್ದ.

ಮುಂದೆ ಗಲ್ಲಿನ ಪಟ್ಟಿ ಬೇಗ ಕರಗಿತು. 1868ರಲ್ಲಿ ಬಹಿರಂಗ ನೇಣು ನಿಂತು, ಅದು ಜೈಲಿನ ಗೋಡೆಯೊಳಗೆ ಸರಿಯಿತು. ಹಾಗೆಂದು ಜೈಲನ್ನು ದಯೆಯ ಮನೆ ಎಂದುಕೊಳ್ಳಬೇಡಿ. 1842ರಲ್ಲಿ ತೆರೆದ ಲಂಡನ್ನಿನ ಪೆಂಟನ್‌ವಿಲ್ ಜೈಲಿನಲ್ಲಿ ಕೈದಿಗಳು ಒಂಟಿ ಕೋಣೆಯಲ್ಲಿರಬೇಕಿತ್ತು, ಹೊರಬಂದಾಗ ಮುಖ ಮುಚ್ಚಿಕೊಳ್ಳಬೇಕಿತ್ತು, ಪರಸ್ಪರ ಮಾತಾಡುವಂತಿರಲಿಲ್ಲ. ಏಕಾಂತದಲ್ಲಿ ಪಶ್ಚಾತ್ತಾಪ ಹುಟ್ಟುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು. ಹಲವರಿಗೆ ಹುಟ್ಟಿದ್ದು ಬುದ್ಧಿಭ್ರಮಣೆ.