‘ಟೀಚರ್ ಎಂದರೆ ಬೇರೆ ಯಾರನ್ನೋ ಕರೆದಂತೆ ಕೇಳಿಸುತ್ತದೆ’

(ಗುರುತು ಸಿಗದಂತೆ ಶಾಲೆ, ಮನೆ, ಊರಿನ ವಿವರಗಳನ್ನು ಬದಲಿಸಲಾಗಿದೆ.)

ಆಕೆ ಬಿ.ಇಡಿ. ಎರಡನೆಯ ವರ್ಷದ ಪ್ರಶಿಕ್ಷಣಾರ್ಥಿ. ಮಡಿಕೇರಿ ತಾಲ್ಲೂಕಿನವರು, ಮನೆಮಾತು ಅರೆಭಾಷೆ, ಅಂದರೆ ಕೊಡಗಿನ ಕಡೆ ಆಡುವ ಕನ್ನಡದ ಒಂದು ರೂಪ. ಕನ್ನಡದಲ್ಲಿ ಎಂ.ಎ. ಮಾಡಿದ್ದಾರೆ, ಅಂಕಗಳಿಗೆ ಕೊರತೆಯಿಲ್ಲ. ಪ್ರೌಢಶಾಲೆಯೊಂದರಲ್ಲಿ ಇಂಟರ್ನ್‌ಶಿಪ್ ನಡೆಯುತ್ತಿದ್ದಾಗ ಆಪ್ತಸಮಾಲೋಚಕಿಯಾದ ನನ್ನ ಬಳಿ ಬಂದರು. ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಹೊಟ್ಟೆ ತೊಳೆಸುತ್ತದೆ, ಪಾಠಯೋಜನೆಯನ್ನು ರಾತ್ರಿಯೆಲ್ಲ ತಿದ್ದಿ ತಿದ್ದಿ ಬರೆಯುತ್ತೇನೆ ಎಂದರು. ‘ಮಕ್ಕಳು ಟೀಚರ್ ಎಂದರೆ ಬೇರೆ ಯಾರನ್ನೋ ಕರೆದಂತೆ ಕೇಳಿಸುತ್ತದೆ ಮೇಡಂ.’

ಮನೆಯಲ್ಲಿ ಅಪ್ಪನ ಒತ್ತಾಯ ಬೇರೆ: ಅತಿಥಿ ಶಿಕ್ಷಕಿಯಾಗಿ ಅಲೆಯುವುದಕ್ಕಿಂತ ಬ್ಯಾಂಕ್ ಪರೀಕ್ಷೆ ಬರೆ ಎಂದು. ಅದೂ ಸಣ್ಣ ಚಿಂತೆಯಲ್ಲ. ಆದರೆ ಆಕೆಯನ್ನು ಕುಗ್ಗಿಸಿದ್ದು ಒಂದು ತರಗತಿ.

ಎಂಟನೆಯ ತರಗತಿಯ ಪದ್ಯಪಾಠ. ಹಿಂದಿನ ಬೆಂಚಿನಲ್ಲಿ ವೀಕ್ಷಣೆಗೆ ಬಂದ ಉಪನ್ಯಾಸಕರು. ಪುಸ್ತಕ ತೆರೆಯದೆ ಕುಳಿತಿದ್ದ ಹುಡುಗಿಯನ್ನು ಈಕೆ ಮಾತಿನ ಭರದಲ್ಲಿ ಅರೆಭಾಷೆಯಲ್ಲಿ ‘ಪುಸ್ತಕ ಉಟ್ಟಾ?’ (ಪುಸ್ತಕ ಇದೆಯಾ?) ಎಂದು ಕೇಳಿಬಿಟ್ಟರು. ತರಗತಿ ನಕ್ಕಿತು. ವೀಕ್ಷಣಾ ಹಾಳೆಯಲ್ಲಿ ಕೆಂಪು ಶಾಯಿಯ ಒಂದು ಸಾಲು ಬಂತು: ಭಾಷಾ ಶುದ್ಧಿ ಗಮನಿಸಿ. ಆ ಹಾಳೆಯನ್ನು ನನಗೆ ತಂದು ತೋರಿಸಿದರು. ಮಡಿಸಿ ಮಡಿಸಿ ಅಂಚು ಹರಿದಿತ್ತು. ಪಾಠದ ಉಳಿದ ಭಾಗದ ಬಗ್ಗೆ ಅದೇ ಹಾಳೆಯಲ್ಲಿ ಮೂರು ಒಳ್ಳೆಯ ಮಾತುಗಳಿದ್ದವು. ಅವನ್ನು ಅವರು ಓದಿಯೇ ಇರಲಿಲ್ಲ ಎನ್ನಬಹುದು.

‘ನಕ್ಕವರು ಯಾರು?’ ಎಂದು ಕೇಳಿದೆ. ತುಂಬ ಹೊತ್ತು ಯೋಚಿಸಿ, ಮೊದಲು ನಕ್ಕದ್ದು ಆ ಹುಡುಗಿಯೇ ಎಂದರು. ಅವಳ ಮನೆಮಾತೂ ಅರೆಭಾಷೆಯೇ. ಅಣಕಿಸಿ ನಕ್ಕಳೋ, ತನ್ನ ಮನೆಯ ಮಾತು ಟೀಚರ್ ಬಾಯಲ್ಲಿ ಬಂತೆಂದು ನಕ್ಕಳೋ? ಆ ಪ್ರಶ್ನೆ ಅವರಿಗೆ ಅದುವರೆಗೆ ಹೊಳೆದಿರಲಿಲ್ಲ.

ಮಾತು ಮುಂದುವರಿದಂತೆ ಇನ್ನೊಂದು ಸಂಗತಿ ಹೊರಬಂತು. ತರಗತಿಯಲ್ಲಿ ಅವರು ತಮ್ಮ ಹೈಸ್ಕೂಲಿನ ಕನ್ನಡ ಮೇಷ್ಟರ ಧಾಟಿಯಲ್ಲೇ ಮಾತಾಡುತ್ತಾರೆ. ಅದೇ ಏರಿಳಿತ, ಅದೇ ಗತ್ತು. ಇದು ಸಹಜ. ಶಾಲೆಯಲ್ಲಿ ಕಳೆದ ಅಷ್ಟೂ ವರ್ಷ ನಾವು ಶಿಕ್ಷಕರನ್ನು ಬೆಂಚಿನ ಕಡೆಯಿಂದ ಮಾತ್ರ ನೋಡಿರುತ್ತೇವೆ. ಅವರ ತಯಾರಿ, ಅಳುಕು, ಸ್ಟಾಫ್ ರೂಮಿನ ಗೊಂದಲ ನಮಗೆ ಕಂಡಿರುವುದಿಲ್ಲ. ಆ ಮೇಷ್ಟರೊಂದಿಗೆ ತಮ್ಮನ್ನು ತೂಗಿ ನೋಡಿದರೆ ಯಾವ ಪ್ರಶಿಕ್ಷಣಾರ್ಥಿಯೂ ಹಗುರವೇ.

ಅಮೆರಿಕದ ಶಿಕ್ಷಣ ಸಂಶೋಧಕಿ ಫ್ರಾನ್ಸಿಸ್ ಫುಲ್ಲರ್ 1969ರಲ್ಲಿ ಗುರುತಿಸಿದ್ದನ್ನು ಅವರಿಗೆ ಹೇಳಿದೆ: ಹೊಸ ಶಿಕ್ಷಕರ ಚಿಂತೆ ಮೊದಲು ತಮ್ಮ ಸುತ್ತಲೇ ಇರುತ್ತದೆ, ಅನುಭವ ಬಂದಂತೆ ಮಕ್ಕಳ ಕಲಿಕೆಯ ಕಡೆಗೆ ಹೊರಳುತ್ತದೆ. ‘ಹಾಗಾದರೆ ನನಗಾಗುತ್ತಿರುವುದು ರೋಗವಲ್ಲವೇ?’ ಎಂದು ಕೇಳಿದರು. ಅಲ್ಲ ಎಂದೆ. ಆದರೆ ನಿದ್ದೆ, ಊಟ ಎರಡು ವಾರವಾದರೂ ಹದಕ್ಕೆ ಬಾರದಿದ್ದರೆ ಮನೋವೈದ್ಯರನ್ನು ಕಾಣಬೇಕು, ನಡುರಾತ್ರಿ ತಡೆಯಲಾಗದೆ ಹೋದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕು ಎಂದೂ ಹೇಳಿದೆ.

ಸಲಹೆಯಲ್ಲಿ ಒಂದನ್ನು ಒತ್ತಿ ಹೇಳಿದೆ. ಗ್ರಾಂಥಿಕ ಕನ್ನಡದ ಉಚ್ಚಾರಣೆ ಅಭ್ಯಾಸದಿಂದ ಬರುವ ಕೌಶಲ, ಭಾಷಾ ಶಿಕ್ಷಕಿಗೆ ಅದು ಬೇಕೇ ಬೇಕು. ಪದ್ಯವನ್ನು ಗಟ್ಟಿಯಾಗಿ ಓದಿ ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ ಕೇಳಿ, ತಪ್ಪಿದ ಕಡೆ ತಿದ್ದಿಕೊಳ್ಳಿ. ಆದರೆ ಅರೆಭಾಷೆ ತಿದ್ದಬೇಕಾದ ತಪ್ಪಲ್ಲ. ಕೊಡವ ತಕ್ಕ್, ಯೆರವ, ಮಲಯಾಳ, ತುಳು ಆಡುವ ಮನೆಗಳಿಂದಲೂ ತೋಟದ ಕಾರ್ಮಿಕರ ಲೈನ್ ಮನೆಗಳಿಂದಲೂ ಮಕ್ಕಳು ಬರುವ ಜಿಲ್ಲೆಯಲ್ಲಿ, ಶಾಲೆಯ ಕನ್ನಡವನ್ನು ಕಲಿತೇ ಪಡೆದ ಶಿಕ್ಷಕಿಗೆ ಆ ಮಕ್ಕಳು ಎಡವುವ ಜಾಗ ಗೊತ್ತಿರುತ್ತದೆ. ಇದು ನಾನು ಸಮಾಧಾನಕ್ಕೆ ಹೇಳಿದ ಮಾತಲ್ಲ.

ಪ್ರತಿ ಪಾಠದ ನಂತರ ‘ನಾನು ಹೇಗಿದ್ದೆ’ ಎಂದು ಬರೆಯುವುದನ್ನು ಬಿಟ್ಟು, ಒಂದು ಮಗು ಏನು ಹೇಳಿತು, ಎಲ್ಲಿ ತಡವರಿಸಿತು ಎಂಬುದನ್ನಷ್ಟೇ ನಾಲ್ಕು ಸಾಲು ಬರೆಯಲು ತಿಳಿಸಿದೆ. ಉಪನ್ಯಾಸಕರನ್ನು ನೇರವಾಗಿ ಕಂಡು, ಪಾಠದ ಬಗ್ಗೆ ಇನ್ನೇನು ಅನ್ನಿಸಿತು ಎಂದು ಕೇಳಲೂ ಹೇಳಿದೆ. ಬ್ಯಾಂಕ್ ಪರೀಕ್ಷೆಯೋ ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಯೋ ಎಂಬ ತೀರ್ಮಾನವನ್ನು ಇಂಟರ್ನ್‌ಶಿಪ್ ಮುಗಿಯುವವರೆಗೆ ಮುಂದೂಡಲು ಒಪ್ಪಿದರು. ಎರಡು ವರ್ಷದ ಕೋರ್ಸಿನಲ್ಲಿ ಕನಿಷ್ಠ 20 ವಾರ ಶಾಲೆಯಲ್ಲಿ ಕಳೆಯಬೇಕೆಂದು ಶಿಕ್ಷಕರ ತರಬೇತಿಯನ್ನು ನಿಯಂತ್ರಿಸುವ ಕೇಂದ್ರ ಸಂಸ್ಥೆ ಎನ್‌ಸಿಟಿಇಯ 2014ರ ನಿಯಮಾವಳಿ ಹೇಳುವುದು ಸುಮ್ಮನೆ ಅಲ್ಲ. ಒಂದು ತರಗತಿಯ ಮೇಲೆ ಇಡೀ ವೃತ್ತಿಯನ್ನು ನಿರ್ಧರಿಸಬಾರದು.

ಮೂರನೆಯ ಭೇಟಿಗೆ ಟಿಪ್ಪಣಿ ಪುಸ್ತಕ ತಂದಿದ್ದರು. ಹಿಂದಿನ ಬೆಂಚಿನ ಆ ಹುಡುಗಿ ಒತ್ತಕ್ಷರಗಳನ್ನು ಹಾರಿಸಿ ಓದುತ್ತಾಳೆ ಎಂದು ಪುಟಗಟ್ಟಲೆ ಬರೆದಿದ್ದರು. ‘ಅವಳಿಗೆ ಬೇರೆ ಅಭ್ಯಾಸಹಾಳೆ ಮಾಡಬೇಕು, ಹೇಗೆ ಮಾಡಲಿ?’ ಎಂದು ಕೇಳಿದರು. ಅದು ನನ್ನ ವಿಷಯವಲ್ಲ, ಶಾಲೆಯ ಮಾರ್ಗದರ್ಶಕ ಶಿಕ್ಷಕಿಯನ್ನು ಕೇಳಿ ಎಂದೆ. ಹೊಟ್ಟೆ ತೊಳೆಸುವುದು ಪೂರ್ತಿ ನಿಂತಿಲ್ಲ, ವೀಕ್ಷಣೆಯಿರುವ ದಿನ ಈಗಲೂ ಇದೆಯಂತೆ. ಉಪನ್ಯಾಸಕರೊಡನೆ ಇನ್ನೂ ಮಾತಾಡಿಲ್ಲ. ಮುಂದಿನ ಭೇಟಿಯಲ್ಲಿ ಆ ಮಾತನ್ನು ಹೇಗೆ ಎತ್ತಬೇಕೆಂದು ಇಬ್ಬರೂ ಕೂತು ಅಭ್ಯಾಸ ಮಾಡಲಿದ್ದೇವೆ.