ಮಗು ಕುಂಟೋದಕ್ಕೆ ಹಸು ರೋಗಾನೂ ಕಾರಣ ಇರ್ಬೋದು

ಅಕ್ಕ, ಆರು ವರ್ಷದ ಮಗ ಮೂರು ವಾರದಿಂದ ಕುಂಟ್ತಾನೆ, ಜ್ವರ ಬಂದ್ ಬಂದ್ ಹೋಗ್ತದೆ, ವೈಡಾಲ್ (ಟೈಫಾಯ್ಡ್ ಟೆಸ್ಟು) ನೆಗೆಟಿವ್, ಮನೆ ಹಸು ಕಂದು ಹಾಕಿತ್ತು (ಗರ್ಭಪಾತ ಆಗಿತ್ತು) ಅಂತ ಬರ್ದಿದೀರಲ್ಲ, ಆ ಕೊನೇ ಮಾತನ್ನ ಡಾಕ್ಟ್ರಿಗೆ ಹೇಳಿದ್ರಾ? ನಮ್ ಮದ್ದೂರು ಕಡೆ ಅಣ್ಣನ ಮಗಳಿಗೂ ಹಿಂಗೇ ಆಗಿ, ಮೊದ್ಲು ಬಿದ್ದಿರ್ಬೇಕು ಅಂದ್ರು, ಆಮೇಲೆ ಟಿಬಿ ಇರ್ಬೋದು ಅಂದ್ರು, ಹಸು ವಿಚಾರ ಅವ್ರೂ ಕೇಳ್ಲಿಲ್ಲ ನಾವೂ ಹೇಳ್ಲಿಲ್ಲ, ಕೊನೆಗೆ ನೋಡುದ್ರೆ ಬ್ರೂಸೆಲ್ಲಾ, ಅಂದ್ರೆ ಹಸು ಕಂದು ಹಾಕೋಹಂಗೆ ಮಾಡೋ ರೋಗಾಣು, ಹಸಿ ಹಾಲಿಂದ ಮನುಷ್ಯರಿಗೂ ಬರ್ತದೆ. ಅವರಜ್ಜಿ ದಿನಾ ಕರೆದ ಬಿಸಿಗೇ ನೊರೆಹಾಲು ಕುಡುಸ್ತಿದ್ರು, ಶಕ್ತಿ ಬರ್ಲಿ ಅಂತ!

ಮಕ್ಕಳಲ್ಲಿ ಇದು ಬರೀ ಸೊಂಟದ ಕೀಲೋ ಮಂಡಿಯೋ ನೋವಾಗಿ ಕಾಣ್ಬೋದು, ಕೆಲವ್ರಿಗೆ ಗುಲ್ಮ (ಹೊಟ್ಟೆ ಎಡಗಡೆ ಇರೋ ಸ್ಪ್ಲೀನ್) ದಪ್ಪ ಆಗಿ ರಕ್ತದ ಕಣ ಎಲ್ಲಾ ಇಳ್ದು ಬ್ಲಡ್ ಕ್ಯಾನ್ಸರ್ ಇರ್ಬೋದಾ ಅಂತ ಅನುಮಾನ ಬರೋಹಂಗೂ ಆಗ್ತದೆ. ಬ್ರೂಸೆಲ್ಲಾ ಆಂಟಿಬಾಡಿ ಟೆಸ್ಟು, ಬ್ಲಡ್ ಕಲ್ಚರ್ (ರಕ್ತದಲ್ಲಿರೋ ರೋಗಾಣು ಬೆಳ್ಸಿ ನೋಡೋ ಟೆಸ್ಟು) ಎರಡೂ ಕೇಳಿ, ಲ್ಯಾಬಿನವ್ರಿಗೆ ಅನುಮಾನ ಇದೆ ಅಂತ ಮೊದ್ಲೇ ತಿಳ್ಸಿ, ಈ ರೋಗಾಣು ನಿಧಾನ ಬೆಳೀತದೆ, ಅವ್ರಿಗೂ ಅಂಟ್ಕೊಳ್ತದೆ. ಬಂತು ಅಂದ್ರೆ ಸಾಮಾನ್ಯವಾಗಿ ಎರಡು ಔಷಧಿ, ಕಮ್ಮಿ ಅಂದ್ರೂ 6 ವಾರ, 8 ವರ್ಷದ ಒಳಗಿನವ್ರಿಗೆ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಬದ್ಲು ಬೇರೆ ಕೊಡೋದು ಜಾಸ್ತಿ. ಜ್ವರ ಬಿಡ್ತು ಅಂತ ಮಧ್ಯ ನಿಲ್ಸಿದ್ರೆ ತಿರ್ಗ ಬರ್ತದೆ. ಆದ್ರೆ ಜೋರು ಜ್ವರ ಬಂದು ಕಾಲೇ ಊರ್ತಿಲ್ಲ ಅಂದ್ರೆ ಕಾಯ್ಬೇಡಿ, ಕೀಲಲ್ಲಿ ಕೀವು ಇರ್ಬೋದು, ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಿ. ಇನ್ಮೇಲೆ ಹಾಲು ಉಕ್ಕುಸ್ದೇ ಯಾರಿಗೂ ಕೊಡ್ಬೇಡಿ ಕಣಕ್ಕ.