ಸಾಲ ತೀರಿದರೂ ನಿಲ್ಲದ ಎದೆಬಡಿತ

ಪ್ರಶ್ನೆ: ನನಗೆ 46 ವರ್ಷ. ಕೊಬ್ಬರಿ ವ್ಯಾಪಾರದಲ್ಲಿ ನಷ್ಟವಾಗಿ, ಮನೆಯನ್ನು ಅಡವಿಟ್ಟು ನಮ್ಮ ಯಜಮಾನರು ಮಾಡಿದ್ದ ಸಾಲವನ್ನು ಆರು ವರ್ಷ ಹೆಣಗಾಡಿ ಕಳೆದ ಯುಗಾದಿಯ ಹೊತ್ತಿಗೆ ಪೂರ್ತಿ ತೀರಿಸಿದೆವು. ವಸೂಲಿಯವರ ಕರೆಗೆ ಹೆದರಿ ಫೋನನ್ನು ಅಕ್ಕಿ ಡಬ್ಬಿಯೊಳಗೆ ಹುದುಗಿಸಿಡುತ್ತಿದ್ದ ದಿನಗಳು ಮುಗಿದಿವೆ. ಆದರೆ ಮಧ್ಯಾಹ್ನ ಮನೆ ನಿಶ್ಶಬ್ದವಾದರೆ ಎದೆ ಹೊಡೆದುಕೊಳ್ಳುತ್ತದೆ. ರಾತ್ರಿ ಎದ್ದು ಬೀರು ತೆಗೆದು ಸಾಲ ತೀರಿದ ಪತ್ರವನ್ನು ಮತ್ತೆ ಮತ್ತೆ ಓದುತ್ತೇನೆ. ಧ್ಯಾನಕ್ಕೆಂದು ಕಣ್ಣು ಮುಚ್ಚಿದರೆ ಗಾಬರಿ ಇನ್ನೂ ಹೆಚ್ಚು. ನನಗೆ ನೆಮ್ಮದಿಯೇ ಒಗ್ಗುವುದಿಲ್ಲವೇ?
– ಹೆಸರು ಬೇಡ, ತಿಪಟೂರು

ಉತ್ತರ: ಸಾಲ ತೀರಿದ ಸುದ್ದಿ ನಿಮ್ಮ ಬುದ್ಧಿಗೆ ತಲುಪಿದೆ, ಮೈಗೆ ಇನ್ನೂ ತಲುಪಿಲ್ಲ. ಆರು ವರ್ಷ ಪ್ರತಿ ಕರೆಗೂ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನುಗಳನ್ನು ಹರಿಸಿ ಎಚ್ಚರವನ್ನೇ ರೂಢಿ ಮಾಡಿಕೊಂಡ ದೇಹಕ್ಕೆ, ಯಾರೂ ಕರೆ ಮಾಡದ ಮಧ್ಯಾಹ್ನವು ಮುಂದಿನ ಏಟಿಗೆ ಮುಂಚಿನ ಮೌನದಂತೆ ಕಾಣುತ್ತದೆ.

ಧ್ಯಾನದಿಂದ ಗಾಬರಿ ಹೆಚ್ಚುವುದೂ ನಿಮ್ಮೊಬ್ಬರ ಅನುಭವವಲ್ಲ. ವಿಶ್ರಾಂತಿಯ ತರಬೇತಿಯೇ ಕೆಲವರಲ್ಲಿ ಆತಂಕ ಹುಟ್ಟಿಸುತ್ತದೆಂದು ಅಮೆರಿಕದ ಮನೋವಿಜ್ಞಾನಿಗಳಾದ ಹೈಡ್ ಮತ್ತು ಬೊರ್ಕೊವೆಕ್ 1983ರಲ್ಲೇ ಬರೆದಿದ್ದಾರೆ. ನೆಮ್ಮದಿಯಿಂದಿದ್ದಾಗ ಬೀಳುವ ಏಟು ಹೆಚ್ಚು ನೋಯಿಸುತ್ತದೆಂದು ಅಂಜಿ ಮನಸ್ಸು ಚಿಂತೆಯನ್ನು ಕೈಬಿಡುವುದಿಲ್ಲ ಎಂಬುದು 2011ರಲ್ಲಿ ನ್ಯೂಮನ್ ಮತ್ತು ಲೆರಾ ಎಂಬ ಮನೋವಿಜ್ಞಾನಿಗಳು ಮಂಡಿಸಿದ ವಾದ. 'ತುಂಬಾ ನಗಬೇಡ, ಆಮೇಲೆ ಅಳಬೇಕಾಗುತ್ತೆ' ಎಂದು ನಮ್ಮ ಅಜ್ಜಿಯರು ಗದರುತ್ತಿದ್ದುದೂ ಇದನ್ನೇ. ಅಜ್ಜಿಯರ ಮಾತೆಲ್ಲ ಔಷಧಿಯಲ್ಲ.

ಆದ್ದರಿಂದ ಸದ್ಯಕ್ಕೆ ಕಣ್ಣು ಮುಚ್ಚಿ ಕೂರುವುದು ಬೇಡ. ಮಧ್ಯಾಹ್ನ ಹತ್ತು ನಿಮಿಷ ಜಗಲಿಯಲ್ಲಿ ಕುಳಿತು ಹೂ ಕಟ್ಟಿ, ಇಲ್ಲವೇ ಅವರೆಕಾಯಿ ಸುಲಿಯಿರಿ. ಉಸಿರು ಒಳಗೆಳೆಯುವುದಕ್ಕಿಂತ ನಿಧಾನವಾಗಿ ಹೊರಬಿಡಿ. ಎದೆ ಬಡಿದುಕೊಂಡರೆ ಎದ್ದು ಪಾತ್ರೆ ತೊಳೆಯಲು ಓಡಬೇಡಿ. ಬಡಿತ ತಾನಾಗಿ ಇಳಿಯುವುದನ್ನು ನಾಲ್ಕಾರು ಸಲ ಅನುಭವಿಸಿದರೆ ಮಾತ್ರ ಮೈ ನಂಬುತ್ತದೆ. ನಂತರ ಹತ್ತನ್ನು ಹದಿನೈದು ಮಾಡಿ.

ಪತ್ರದ ವಿಷಯಕ್ಕೆ ಬಂದರೆ, ಹಗಲಿನಲ್ಲಿ, ಯಜಮಾನರ ಜೊತೆ ಕುಳಿತು ಒಂದೇ ಒಂದು ಸಲ ಪರಿಶೀಲಿಸಿ. ಮನೆಯ ಮೂಲಪತ್ರಗಳು ಕೈಸೇರಿವೆಯೇ, ಅಡಮಾನ ರದ್ದಾಗಿದೆಯೇ ನೋಡಿಕೊಳ್ಳಿ. ಬ್ಯಾಂಕುಗಳು ಸಾಲ ತೀರಿದ 30 ದಿನಗಳೊಳಗೆ ಇವನ್ನು ಮಾಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಆಮೇಲೆ ರಾತ್ರಿ ಓದಬೇಕೆನಿಸಿದಾಗ ಮೊದಲು ಹತ್ತು ನಿಮಿಷ, ಬರಬರುತ್ತಾ ಬೆಳಗಿನವರೆಗೆ ಮುಂದೂಡಿ, ಏಕೆಂದರೆ ಪ್ರತಿ ಓದೂ ಕ್ಷಣಕಾಲ ಸಮಾಧಾನ ಕೊಟ್ಟು ಮರುರಾತ್ರಿ ಮತ್ತೆ ಬೀರುವಿನ ಬಳಿಗೇ ಕರೆದೊಯ್ಯುತ್ತದೆ. ಫೋನಿನಲ್ಲಿ ಆ ದಿನಗಳ ರಿಂಗ್‌ಟೋನೇ ಉಳಿದಿದ್ದರೆ ಇವತ್ತೇ ಬದಲಾಯಿಸಿ.

ನಿಮ್ಮ ವಯಸ್ಸಿನಲ್ಲಿ ಥೈರಾಯ್ಡ್ ಏರುಪೇರು, ರಕ್ತಹೀನತೆ, ಮುಟ್ಟು ನಿಲ್ಲುವ ಮುಂಚಿನ ಬದಲಾವಣೆಗಳಿಂದಲೂ ಎದೆಬಡಿತ ಹೆಚ್ಚಬಹುದಾದ್ದರಿಂದ ವೈದ್ಯರನ್ನು ಕಾಣುವುದನ್ನು ಬಿಡಬೇಡಿ. ಕೆಲವು ವಾರಗಳಲ್ಲಿ ನಿದ್ದೆ ಸುಧಾರಿಸದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ ಉಚಿತ ಸಂಖ್ಯೆ 14416ಕ್ಕೆ ಕರೆ ಮಾಡಿ; ಕನ್ನಡದಲ್ಲೇ ಮಾತನಾಡಬಹುದು.